ಕನ್ನಡಕ ಬೀರುವಿನಲ್ಲಿತ್ತು

ಬಚ್ಚಲಲ್ಲಿ ಜಾರಿಬಿದ್ದ ಅಮ್ಮನಿಗೆ ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ವಯಸ್ಸು 79. ಮರುದಿನವೇ ಆಪರೇಷನ್ ಮಾಡಿ ರಾಡ್ ಕೂರಿಸಿದರು. ಗಂಡಾಂತರ ಕಳೆಯಿತು ಅಂದುಕೊಂಡು ನಾನು ಹನುಮಂತನಗರದ ಮನೆಗೆ ಬಂದು ನಿದ್ದೆ ಹೊಡೆದೆ.

ಬೆಳಿಗ್ಗೆ ಹೋದರೆ ಫಿಸಿಯೋ ಹುಡುಗ ವಾಕರ್ ಹಿಡಿದು ನಿಂತಿದ್ದ. ಅಮ್ಮನನ್ನು ಎಬ್ಬಿಸಿ ನಿಲ್ಲಿಸುತ್ತಾನಂತೆ! ಹೊಲಿಗೆ ಹಾಕಿ ಇನ್ನೂ ಒಂದು ದಿನವಾಗಿಲ್ಲ. ರೇಗಿದೆ.

“ಮಲಗಿಸೋದಕ್ಕೇ ಆಗಿದ್ರೆ ರಾಡ್ ಯಾಕೆ ಸಾರ್ ಹಾಕ್ತಿದ್ರು?” ಅಂದ.

ನನ್ನ ತಲೆಯಲ್ಲಿದ್ದದ್ದು ಅಜ್ಜಿ. ಊರಲ್ಲಿ ಬಿದ್ದಾಗ ಕಾಲಿಗೆ ಇಟ್ಟಿಗೆ ಕಟ್ಟಿ ಮಲಗಿಸಿದ್ದರು. ‘ಅಲುಗಾಡಬೇಡ’ ಅನ್ನುವುದೇ ಆರೈಕೆ. ಬೆನ್ನು ಹುಣ್ಣಾಗಿ, ಎದೆಗೆ ಕಫ ಕಟ್ಟಿ ಹೋದಳು. ಮೂಳೆ ಮುರಿದು ಹೋದಳು ಅಂತಲೇ ನಾವು ಈಗಲೂ ಹೇಳುವುದು. ಮಲಗಿಯೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ನುಗ್ಗಬಹುದು, ಹೊಟ್ಟೆಗೆ ದಿನಾ ಚುಚ್ಚುವ ಸೂಜಿಯೂ ಅದಕ್ಕೇ ಅಂತ ಹುಡುಗ ಹೇಳಿದಾಗ ಸುಮ್ಮನಾದೆ. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಾದು ನಿಲ್ಲಿಸಿದ. ವಾಕರ್ ಹಿಡಿದ ಅಮ್ಮನ ಬೆರಳ ಗೆಣ್ಣುಗಳು ಬಿಳಿಚಿಕೊಂಡವು. ಎರಡು ಹೆಜ್ಜೆ, ಆಮೇಲೆ ಕುರ್ಚಿ.

ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ಕೊಟ್ಟಿದ್ದರು. ಶ್ವಾಸಕೋಶ ಅರಳಲಿ ಅಂತ. ಇಡೀ ಬೆಳಿಗ್ಗೆ ಅಮ್ಮನ ಕೈಲಿ ಊದಿಸಿದೆ. ಚೆಂಡು ಮಿಸುಕಲಿಲ್ಲ. ಊದುವುದಲ್ಲ ಸಾರ್, ಉಸಿರು ಒಳಗೆ ಎಳೆಯೋದು ಅಂತ ನರ್ಸಮ್ಮ ನಕ್ಕರು. ಇಂಜಿನಿಯರ್ ನಾನು, ಬೇರೆ!

ನಿಜವಾಗಿ ಕಂಗೆಟ್ಟಿದ್ದು ಆ ರಾತ್ರಿ. ಎರಡು ಗಂಟೆಗೆ ಅಮ್ಮ, “ಹಾಲಿನವನು ಕೂಗ್ತಿದಾನೆ, ಬಾಗಿಲು ತೆಗೀರೋ” ಅಂತ ಡ್ರಿಪ್ ಸೂಜಿ ಕೀಳಲು ಹೊರಟಳು. ನನ್ನನ್ನು ನೋಡಿ, “ನೀವ್ಯಾರು?” ಅಂದಳು. ತಲೆ ಕೆಟ್ಟಿತೇನೋ ಅಂತ ನನಗೆ ಕೈಕಾಲು ನಡುಗಿತು. ಡ್ಯೂಟಿ ಡಾಕ್ಟರ್ ಹುಡುಗಿ ಗಾಬರಿಯಾಗಲಿಲ್ಲ. ವಯಸ್ಸಾದವರಲ್ಲಿ ಆಪರೇಷನ್ ಆದಮೇಲೆ ಹೀಗಾಗುವುದುಂಟು ಅಂದರು. ನೋವಿದೆಯಾ, ಮೂತ್ರದಲ್ಲಿ ಸೋಂಕಿದೆಯಾ, ಸೋಡಿಯಂ ಇಳಿದಿದೆಯಾ, ಹೊಟ್ಟೆ ಕಟ್ಟಿದೆಯಾ ಅಂತ ಒಂದೊಂದೇ ನೋಡಿದರು. ಮೂತ್ರಕ್ಕೆ ಹಾಕಿದ್ದ ನಳಿಗೆಯನ್ನು, ಅಂದರೆ ಕ್ಯಾಥೆಟರ್, ಬೆಳಿಗ್ಗೆಯೇ ತೆಗೆಸಿದರು. ಹಿಮ್ಮಡಿ ಕೆಂಪಾಗಿದ್ದನ್ನು ಕಂಡು, ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬಿಟ್ಟರು. ಕೊನೆಗೆ ಕೇಳಿದರು: “ಅಜ್ಜಿ ಕನ್ನಡಕ ಹಾಕ್ಕೊಳಲ್ವಾ? ಕಿವಿ ಮಿಷನ್?”

ಎರಡೂ ಮನೆಯ ಬೀರುವಿನಲ್ಲಿದ್ದವು. ಕಳೆದುಹೋದೀತು ಅಂತ ಬಳೆಗಳ ಜೊತೆ ನಾನೇ ಬೀಗ ಹಾಕಿ ಇಟ್ಟಿದ್ದೆ. ಕಾಣದೆ, ಕೇಳದೆ, ಗುರುತಿಲ್ಲದ ಕತ್ತಲಲ್ಲಿ ಅವಳನ್ನು ಮಲಗಿಸಿ ತೆಪ್ಪಗಿದ್ದೆ.

ಮಂಕು ಒಂದೇ ಸಲಕ್ಕೆ ಬಿಡಲಿಲ್ಲ, ಸಂಜೆಯಾದರೆ ಮರಳುತ್ತಿತ್ತು. ಮಂಚವನ್ನು ಕಿಟಕಿ ಕಡೆ ತಿರುಗಿಸಿದೆವು. ಮನೆಯಿಂದ ರಾಗಿ ಗಂಜಿ, ಮೊಟ್ಟೆ ಬಂತು. ರಾತ್ರಿ ತಂಗಿ ಪಕ್ಕದಲ್ಲೇ ಇದ್ದಳು.

ನಾಲ್ಕನೇ ದಿನ ವಾಕರ್ ತಳ್ಳಿಕೊಂಡು ಅಮ್ಮ ಕಾರಿಡಾರಿನ ಕಿಟಕಿಯವರೆಗೆ ಬಂದಳು. ಕನ್ನಡಕ ಸರಿಮಾಡಿಕೊಂಡು ಕೆಳಗಿನ ರಸ್ತೆ ನೋಡಿದಳು.

“ನೋಡೋ, ಆ ಆಟೋದವನು ಒನ್‌ವೇಲಿ ನುಗ್ತಿದಾನೆ.”