ಬೆಳಿಗ್ಗೆದು ಹೆಗಡೇರ ಮನೇಲೇ

ಬುಧವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ತೋಟಕ್ಕೆ ಹೋದರೂ ಅದೇ, ಊಟಕ್ಕೆ ಕೂತರೂ ಅದೇ.

ಧಾರವಾಡದ ಡಾಕ್ಟರು ಕೇಳಿದ್ದು ಸಾದಾ ಪ್ರಶ್ನೆ. "ಬೆಳಿಗ್ಗೆ ಎದ್ದ ಕೂಡ್ಲೇ ಕುಡೀತಾರಾ ಇವರು?"

ಗೌಡನ ಹೆಂಡತಿ ಸೆರಗು ಸರಿ ಮಾಡಿಕೊಂಡು ಹೇಳಿದಳು. "ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಮನೇಲಿ ಕುಡಿಯೂದಿಲ್ಲ. ಬೆಳಿಗ್ಗೆದು ಹೆಗಡೇರ ಮನೇಲೇ."

ಹೆಗಡೇರು ಅಂದರೆ ನಾನು. ಅವಳ ಪಕ್ಕದಲ್ಲೇ ಒದ್ದೆ ಕೊಡೆ ಹಿಡಿದುಕೊಂಡು ನಿಂತಿದ್ದೆ.

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೂ ಎದುರು ಮಾತಾಡಲು ಒಂದು ಎಳೆ ಸಿಗುತ್ತಿತ್ತು. ಗಂಡ ಬೆಳಿಗ್ಗೆ ಎಲ್ಲಿ ತಿಂಡಿ ತಿನ್ನುತ್ತಾನೆ ಅಂತ ಹೇಳುವ ಹಾಗೆ ಹೇಳಿದಳು, ಅಷ್ಟೇ. ಡಾಕ್ಟರು ತಲೆ ಎತ್ತಲಿಲ್ಲ. ಬರೆದುಕೊಂಡರು. ಏನಂತ ಬರೆದುಕೊಂಡರೋ.

ಗೌಡ ಅಂದರೆ ನಮ್ಮ ಕೊನೆಗೌಡ. ಶಿರಸಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವನು, ಮಳೆಗಾಲದಲ್ಲಿ ಕೊಳೆ ರೋಗದ ಔಷಧ ಹೊಡೆಯುವವನು. ಇಪ್ಪತ್ತು ವರ್ಷದಿಂದ ನಮ್ಮ ತೋಟ ಅವನ ಕೈಯಲ್ಲಿದೆ. ಒಂದು ಮರ ಹತ್ತಿದರೆ ಇಳಿಯುವುದು ಏಳೆಂಟು ಮರದ ಆಚೆ. ತುದಿಯಲ್ಲಿ ಕೊಟ್ಟೆಮಣೆಯ ಮೇಲೆ ಕೂತು ಮರವನ್ನು ತೂಗಿ, ಪಕ್ಕದ್ದನ್ನು ಎಳೆದುಕೊಂಡು ದಾಟುತ್ತಾನೆ. ಕೆಳಗೆ ನಿಂತು ನೋಡಿದರೆ ನಮ್ಮ ಕತ್ತು ನೋಯುತ್ತದೆ.

ನಾಲ್ಕೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಾ ಕೊಟ್ಟಾಗ ಲೋಟ ಕಟಕಟ ಅಂತ ಹಲ್ಲಿಗೆ ತಾಗುತ್ತಿತ್ತು. "ಕೈ ನಿಲ್ಲೂದಿಲ್ಲ ಹೆಗಡೇರೇ, ಒಂದ್ ಹಾಕಿದ್ರೆ ನಿಲ್ತದೆ" ಅಂದ. ಔಷಧ ಕಲಸಿ ಆಗಿತ್ತು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಕಲಸಿದ ಬೋರ್ಡೋ ದ್ರಾವಣ ಆ ದಿನವೇ ಖರ್ಚಾಗಬೇಕು. ಮೇಲೆ ಮೋಡ ಕಟ್ಟುತ್ತಿತ್ತು. ಬೇರೆ ಕೊನೆಗೌಡನನ್ನು ಹುಡುಕುವುದು ಅಂದರೆ ಹುಡುಗಿ ಹುಡುಕಿದ್ದಕ್ಕಿಂತ ಕಷ್ಟ. ಅಳಿಯನಿಗೆ ಅಂತ ತಂದಿಟ್ಟಿದ್ದರಲ್ಲಿ ಒಂದು ಲೋಟ ಕೊಟ್ಟೆ. ಹತ್ತು ನಿಮಿಷಕ್ಕೆ ಕೈ ನಿಂತಿತು. ಗಾಳಿ ನಿಂತ ಮೇಲೆ ದೀಪ ನಿಲ್ಲುವ ಹಾಗೆ.

ಆಮೇಲೆ ನಾನೇ ಪೇಟೆಯಿಂದ 90 ಎಂಎಲ್ ಪ್ಯಾಕೆಟ್ ತಂದು ಅಟ್ಟದ ಮೇಲೆ ಇಡಲು ಶುರು ಮಾಡಿದೆ. ಕತ್ತದ ಹಗ್ಗ, ದೋಟಿ, ಪಂಪಿನ ವಾಷರ್, ಅದರ ಪಕ್ಕ ಇದು. ಎಣ್ಣೆ ಹಾಕದೆ ಮಿಷನ್ ಓಡುವುದಿಲ್ಲ ಅಂತ ನಾವು ತಮಾಷೆ ಮಾಡುತ್ತಿದ್ದೆವು. ನಾನೊಬ್ಬನೇ ಅಲ್ಲ. ನಮ್ಮ ಕೇರಿಯಲ್ಲಿ ಕೊಡದ ಮನೆ ಎರಡೋ ಮೂರೋ. ಅವರಿಗೆ ಗೌಡ ಸಿಗುವುದು ಕೊನೆಗೆ.

2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ಬಂದ್ ಆದಾಗ ಊರು ಉದ್ಧಾರ ಆಯಿತು ಅಂದುಕೊಂಡಿದ್ದೆವು. ಸಾರಾಯಿ ಪ್ಯಾಕೆಟ್ ಹೋಯಿತು, ವಿಸ್ಕಿ ಪ್ಯಾಕೆಟ್ ಬಂತು. ಈಗ ಬೆಂಕಿಪೊಟ್ಟಣ ಸಿಗುವ ಅಂಗಡಿಯಲ್ಲೇ ಅದೂ ಸಿಗುತ್ತದೆ, ಸ್ವಲ್ಪ ದನಿ ಇಳಿಸಿ ಕೇಳಬೇಕು ಅಷ್ಟೇ.

ಈ ಸಲ ಗೌಡನ ಮಗಳಿಗೆ ಸಂಬಂಧ ಬಂದಿದೆ. ಹೋದ ಭಾನುವಾರ ಸಂಜೆ ಅವನು ಶಿರಸಿಗೆ ಹೋಗಿ ಮಾರಿಕಾಂಬೆಯ ಮುಂದೆ ಆಣೆ ಇಟ್ಟು ಬಂದ. ಇನ್ನು ಮುಟ್ಟುವುದಿಲ್ಲ ಅಂತ. ಸೋಮವಾರ ಕೆಲಸಕ್ಕೆ ಬರಲಿಲ್ಲ. ಮೈಯೆಲ್ಲ ಬೆವರು, ನಡುಕ, ಅನ್ನ ಸೇರುವುದಿಲ್ಲ ಅಂತ ಸುದ್ದಿ ಬಂತು. ಬಿಟ್ಟಾಗ ಹಾಗೆಲ್ಲ ಆಗುತ್ತದೆ, ಎರಡು ದಿನ ತಡೆದುಕೊಂಡರೆ ಗೆದ್ದ ಅಂತ ನಾನೇ ಹೇಳಿ ಕಳಿಸಿದೆ. ಮಂಗಳವಾರ ಮಧ್ಯಾಹ್ನ ಅವನ ಮನೆಗೇ ಹೋಗಿ ಬೆನ್ನು ತಟ್ಟಿ 500 ರೂಪಾಯಿ ಕೊಟ್ಟು ಬಂದೆ. ಬಾಗಿಲಲ್ಲಿ ಕೂತಿದ್ದ. ಅಂಗಳದಲ್ಲಿ ಇರುವೆ ಜಾಸ್ತಿ ಆಗಿದೆ ಅಂದ. ನೋಡಿದೆ. ಒಂದೂ ಇರಲಿಲ್ಲ. ಮಳೆಗೆ ಒಳಗೆ ಹೋಗಿರಬೇಕು ಅಂದುಕೊಂಡೆ.

ರಾತ್ರಿ ಎರಡು ಗಂಟೆಗೆ ಗೌಡನ ಹೆಂಡತಿ ಬ್ಯಾಟರಿ ಹಿಡಿದುಕೊಂಡು ಓಡಿ ಬಂದಳು. ಗೌಡ ಸತ್ತ ಅಪ್ಪನ ಹತ್ತಿರ ಮಾತಾಡುತ್ತಿದ್ದಾನೆ, ಗೋಡೆಯಲ್ಲಿ ಹಾವು ಅನ್ನುತ್ತಾನೆ, ಯಾರನ್ನೂ ಹತ್ತಿರ ಬಿಡುವುದಿಲ್ಲ. ಊರಿನವರು ಆಗಲೇ ಭೂತ, ಚೌಡಿ ಅಂತ ಶುರು ಮಾಡಿದ್ದರು. ಆಣೆ ಇಟ್ಟ ಮೇಲೆ ಕದ್ದು ಕುಡಿದಿರಬೇಕು, ಅಮ್ಮ ಬಿಡಲಿಲ್ಲ ಅಂತ ಒಬ್ಬರು. ಕುಡಿಯದೇ ಇದ್ದದ್ದಕ್ಕೇ ಹೀಗಾಗುತ್ತದೆ ಅಂತ ಯಾರಿಗೆ ಹೊಳೆಯಬೇಕು?

ಆಶಾ ಕಾರ್ಯಕರ್ತೆಯ ಹತ್ತಿರ ಒಂದು ನಂಬರ್ ಇತ್ತು. 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನಮ್ಮಲ್ಲಿ ನೆಟ್‌ವರ್ಕ್ ಇರುವುದು ಗುಡ್ಡದ ತಲೆಯ ಮೇಲೆ. ಮಳೆಯಲ್ಲಿ, ಉಂಬಳ ಹತ್ತಿಸಿಕೊಂಡು, ಅಲ್ಲಿಗೆ ಹೋಗಿ ಫೋನ್ ಮಾಡಿದೆ. ಆ ಹುಡುಗಿ ಬೇರೆ ಏನೂ ಕೇಳಲಿಲ್ಲ. "ಕೊನೆ ಸಲ ಕುಡಿದು ಎಷ್ಟು ಗಂಟೆ ಆಯ್ತು ಸರ್?" ಅಂದಳು. ಬೆರಳು ಮಡಚಿ ಲೆಕ್ಕ ಹಾಕಿದೆ. ಐವತ್ತೈದು. "ಬೆಳಗಾಗಲಿ ಅಂತ ಕಾಯಬೇಡಿ" ಅಂದಳು.

ಮೊದಲು ಹೋದ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಹಾಕಿದರು. ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಮನಸ್ಸಿನ ಡಾಕ್ಟರು ಬರುವುದು ಮಂಗಳವಾರ, ನಿನ್ನೆಯೇ ಕರೆದುಕೊಂಡು ಬರಬೇಕಿತ್ತು ಅಂದರು. ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ಒಳ್ಳೆಯ ಯೋಜನೆ, ಬೈಯುವುದಿಲ್ಲ. ಆದರೆ ಆ ಮಂಗಳವಾರ ನಾನು ಐನೂರರ ನೋಟು ಹಿಡಿದುಕೊಂಡು ಅವನ ಬೆನ್ನು ತಟ್ಟುತ್ತಿದ್ದೆ. ಡ್ಯೂಟಿಯಲ್ಲಿದ್ದ ಒಬ್ಬರು ಗೌಡನ ಬಾಯಿ ಮೂಸಿ ನೋಡಿ, "ಇವತ್ತು ಕುಡಿದಿಲ್ಲವಲ್ಲ, ಮತ್ತೇನು?" ಅಂದರು. ಅವರನ್ನೂ ಏನು ಹೇಳಲಿ? ನನಗೆ ಗೊತ್ತಿತ್ತಾ?

ಬೆಳಿಗ್ಗೆ ಆರಕ್ಕೆ ಭಾವ ಯಾವುದೋ ಖಾಸಗಿ ಕೇಂದ್ರದ ನಂಬರ್ ಕಳಿಸಿದ. ಫೋನ್ ಎತ್ತಿದವನು ಪೇಶೆಂಟಿನ ವಯಸ್ಸನ್ನೂ ಕೇಳಲಿಲ್ಲ. "ಮೂರು ತಿಂಗಳು, ತಿಂಗಳಿಗೆ 15,000, ಮನೆಯವರು ನೋಡಲು ಬರುವ ಹಾಗಿಲ್ಲ, ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ" ಅಂದ. ಎತ್ತಿಕೊಂಡು ಬರುತ್ತೇವೆ! ಅಲ್ಲಿ ಡಾಕ್ಟರು ಯಾರು ಅಂದರೆ, "ಬರ್ತಾರೆ ಸರ್, ಬರ್ತಾರೆ" ಅಂದ. ಫೋನ್ ಇಟ್ಟೆ.

ಉಳಿದದ್ದು ಎರಡು ದಾರಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ, ಇಲ್ಲವೇ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಎರಡೂ ಹೆಚ್ಚುಕಡಿಮೆ 120 ಕಿಲೋಮೀಟರ್. ಕಾರವಾರಕ್ಕೆ ದೇವಿಮನೆ ಘಟ್ಟ ಇಳಿದು ಶಿರೂರಿನ ಮೇಲೆ ಹೋಗಬೇಕು. 2024ರ ಜುಲೈಯಲ್ಲಿ ಅಲ್ಲಿ ಗುಡ್ಡ ಕುಸಿದ ಮೇಲೆ ಮಳೆಗಾಲದಲ್ಲಿ ಆ ದಾರಿ ಅಂದರೆ ಡ್ರೈವರುಗಳ ಮುಖ ಸಣ್ಣದಾಗುತ್ತದೆ. ಧಾರವಾಡ ಅಂದೆ. ಜಗಳದಲ್ಲಿ "ಇವನನ್ನು ಧಾರವಾಡಕ್ಕೆ ಸೇರಿಸಬೇಕು" ಅಂತ ಎಷ್ಟು ಸಲ ಅಂದಿದ್ದೇನೋ. ನಿಜವಾಗಿ ಒಬ್ಬನನ್ನು ಕರೆದುಕೊಂಡು ಹೋಗುವಾಗ ನಾಲಿಗೆ ಒಣಗಿತ್ತು.

ಮುಂಡಗೋಡ ದಾಟಿದ ಮೇಲೆ ನಡೆದದ್ದನ್ನು ಮನೆಯಲ್ಲೂ ಸರಿಯಾಗಿ ಹೇಳಿಲ್ಲ. ಗೌಡ ಹಿಂದಿನ ಸೀಟಿನಲ್ಲಿ ನನ್ನ ಮತ್ತು ಅವನ ಹೆಂಡತಿಯ ನಡುವೆ ಕೂತಿದ್ದ. ಇದ್ದಕ್ಕಿದ್ದ ಹಾಗೆ ಎಡಗೈ ಮೇಲೆತ್ತಿ ಏನನ್ನೋ ಹಿಡಿದ. ಬಲಗೈಯಲ್ಲಿ ಕತ್ತಿ ಬೀಸಿದ. ಕತ್ತಿ ಇರಲಿಲ್ಲ. ಕೊಯ್ದದ್ದನ್ನು ಹಗ್ಗಕ್ಕೆ ಸಿಕ್ಕಿಸಿ ಕೆಳಗೆ ಬಿಟ್ಟ. ಮತ್ತೆ ಕೈ ಮೇಲೆ. ಹಿಡಿತ, ಏಟು, ಹಗ್ಗ. ಒಂದೂ ತಪ್ಪಲಿಲ್ಲ, ಬೆರಳು ಬೆರಳೂ ಲೆಕ್ಕ. ಹೊರಗೆ ನೋಡಿದರೆ ಎಲ್ಲಿ ಮರ? ಕಣ್ಣು ಹಾಯುವಷ್ಟು ಗೋವಿನಜೋಳ. ಅಡಿಕೆ ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳು.

"ಹೆಗಡೇರೇ, ಹಗ್ಗ ಹಿಡೀರಿ" ಅಂದ. ಜೋರು ಮಾಡಿದ. "ಹಿಡೀರಿ, ಕೊನೆ ಉದುರ್ತದೆ!"

ಹಿಡಿದೆ. ಇಲ್ಲದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹುಬ್ಬಳ್ಳಿಯವರೆಗೆ ಕೂತಿದ್ದೆ. ಅವನು ಕೊನೆ ಇಳಿಸುತ್ತಲೇ ಇದ್ದ.

ಹೀಗೂ ಆಗುತ್ತದಂತೆ. ಅಮಲು ಬಿಟ್ಟ ಭ್ರಮೆಯಲ್ಲಿ ಟೇಲರ್ ಹೊಲಿಗೆ ಹೊಲಿಯುತ್ತಾನೆ, ಡ್ರೈವರ್ ಗೇರ್ ಹಾಕುತ್ತಾನೆ ಅಂತ ಡಾಕ್ಟರು ಹೇಳಿದರು. ವರ್ಷಗಟ್ಟಲೆ ದಿನಾ ಕುಡಿದವನು ದಿಢೀರ್ ಅಂತ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಭ್ರಮೆ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ಅಮಲು ಮಿದುಳನ್ನು ಒಂದು ಕಡೆ ಒತ್ತಿ ಹಿಡಿದಿರುತ್ತದೆ. ಮಿದುಳು ಅದಕ್ಕೆ ಎದುರಾಗಿ ತಳ್ಳುತ್ತಾ ತಳ್ಳುತ್ತಾ ಅಭ್ಯಾಸ ಮಾಡಿಕೊಂಡಿರುತ್ತದೆ. ಗೌಡನ ಹೆಂಡತಿಗೆ ಅರ್ಥ ಆಗಲಿಲ್ಲ. ಬಗ್ಗಿಸಿ ಕಟ್ಟಿದ ಅಡಿಕೆ ಮರದ ಹಗ್ಗ ಒಮ್ಮೆಲೇ ಕಡಿದರೆ ಏನಾಗುತ್ತದೆ ಅಂತ ನಾನು ಕೇಳಿದೆ. "ಆಚೆಗೆ ಬೀಸಿ ಹೊಡೀತದೆ" ಅಂದಳು. ಅದಕ್ಕೇ ಹಗ್ಗ ನಿಧಾನ ಸಡಿಲ ಬಿಡಬೇಕು. ಲೋರಾಜೆಪಾಮ್ ಅಂತ ಮಾತ್ರೆ ಕೊಟ್ಟು ದಿನ ದಿನಕ್ಕೆ ಕಡಿಮೆ ಮಾಡುತ್ತಾರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಬಿಡಿಸುವ ಕೆಲಸ ಶುರುವಾಗುವುದು ಇದೆಲ್ಲ ಮುಗಿದ ಮೇಲೆ.

ಅವಳು ಇನ್ನೊಂದು ವಿಷಯ ಬಾಯಿಬಿಟ್ಟಳು. ಹೋದ ವರ್ಷ ಬಸ್‌ಸ್ಟ್ಯಾಂಡಿನ ಗೋಡೆಯ ಪೋಸ್ಟರ್ ನೋಡಿ, ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ ತರಿಸಿ ಸಾರಿಗೆ ಹಾಕಿದ್ದಳಂತೆ. ಅವತ್ತು ಗೌಡ ಕುಡಿದು ಬಂದು ಉಂಡು, ಮೈ ಕೆಂಪಾಗಿ, ವಾಂತಿ ಮಾಡಿ, ಎದೆ ಹಿಡಿದುಕೊಂಡು ಬಿದ್ದಿದ್ದ. ಡಾಕ್ಟರು ಪೆನ್ನು ಕೆಳಗಿಟ್ಟದ್ದು ಆಗ ಮಾತ್ರ. ಆ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಡೈಸಲ್ಫಿರಾಮ್ ಅಂತ ನಿಜವಾದ ಮಾತ್ರೆಯೇ ಇದೆ, ಅದನ್ನು ತಿಂದು ಕುಡಿದರೆ ಹೀಗೇ ಆಗುತ್ತದೆ, ಆದರೆ ತಿನ್ನುವವನಿಗೆ ಗೊತ್ತಿದ್ದು, ಒಪ್ಪಿ ತಿನ್ನಬೇಕು ಅಂದರು. ಅವಳು ತಲೆ ತಗ್ಗಿಸಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಕದ್ದು ಬಿಡಿಸಲು ನೋಡಿದಳು. ನಾನು ಎದುರೆದುರೇ ಕುಡಿಸಿದೆ.

ಆ ಡಾಕ್ಟರು ಗೌಡನನ್ನು ಮೊದಲಿನಿಂದ ಕೊನೆವರೆಗೂ ಅವರು, ಇವರು ಅಂತಲೇ ಅಂದರು. ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಅಂದಿಲ್ಲ. ಈ ಬರಹದಲ್ಲೂ ಅಂದಿಲ್ಲ, ಈಗ ನೋಡಿದೆ.

ಭಾವನಿಗೆ ಇದೆಲ್ಲ ಹೇಳಿದರೆ, "ಅವರದ್ದೆಲ್ಲ ಹಾಗೇ ಮಾರಾಯ, ನಾಳೆ ಮತ್ತೆ ಕುಡೀತಾನೆ" ಅಂದ. ವರ್ಷಕ್ಕೆರಡು ಸಲ ಗೋವಾಕ್ಕೆ ಹೋಗಿ, ಬಾಟಲಿ ಬಚ್ಚಿಟ್ಟುಕೊಂಡು ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬೆವರುತ್ತಾ ಬರುವವನು ಇವನು. ನಮ್ಮ ಪೈಕಿಯವರು ಕುಡಿದರೆ ಟೆನ್ಶನ್ನು, ಗೌಡ ಕುಡಿದರೆ ಹುಟ್ಟುಗುಣ. ಧರ್ಮಸ್ಥಳದ ಯೋಜನೆಯವರು ಹಳ್ಳಿಯಲ್ಲಿ ಮದ್ಯವರ್ಜನ ಶಿಬಿರ ಮಾಡಿದಾಗ ನಾವು ಇದೇ ಜಗಲಿಯಲ್ಲಿ ಕೂತು ನಕ್ಕಿದ್ದೆವು. ಭಜನೆ ಹೇಳಿದರೆ ಕುಡಿತ ಬಿಡುತ್ತದಾ ಅಂತ. ಆ ಶಿಬಿರಕ್ಕೆ ಹೋದ ಕೆಳಗಿನ ಕೇರಿಯ ಒಬ್ಬ ಆರು ವರ್ಷದಿಂದ ಮುಟ್ಟಿಲ್ಲ. ಧಾರವಾಡಕ್ಕೆ ಹೋಗಿ ಗೌಡನ ಜೊತೆ ಮಲಗಲು ಈಗ ತಯಾರಾದವನು ಅವನೇ. ವಾರ್ಡಿನಲ್ಲಿ ಜೊತೆಗೆ ಒಬ್ಬರು ಇರಲೇಬೇಕು. ನನಗೆ ತೋಟ ಇತ್ತು.

ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೂಗುತ್ತಿದ್ದೇವೆ. ನಾನೂ ಒಂದು ಸಲ ಬೋರ್ಡು ಹಿಡಿದು ನಿಂತಿದ್ದೆ. ಹಾರ್ಟ್ ಅಟ್ಯಾಕ್, ಆಕ್ಸಿಡೆಂಟ್, ಹೆರಿಗೆ, ಎಲ್ಲ ಹೇಳಿದೆವು. ಕುಡುಕನಿಗೆ ಒಂದು ಹಾಸಿಗೆ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಜನ ನಗುತ್ತಿದ್ದರು. ನಾನೇ ನಗುತ್ತಿದ್ದೆನೋ ಏನೋ.

ನಿನ್ನೆ ಗೌಡ ಹೆಂಡತಿಯನ್ನು ಗುರುತಿಸಿ ಗಂಜಿ ಕೇಳಿದನಂತೆ. ನಮ್ಮ ಮನೆಯವಳು ಅಟ್ಟದ ಮೇಲಿದ್ದ ನಾಲ್ಕು ಪ್ಯಾಕೆಟ್ ತಂದು ನನ್ನ ಮುಂದೆ ಇಟ್ಟು, ಏನೂ ಹೇಳದೆ ಒಳಗೆ ಹೋದಳು. ಕತ್ತರಿಸಿ ಹೊಂಡಕ್ಕೆ ಸುರಿದೆ. ಕೊಟ್ಟಿಗೆಯವರೆಗೂ ವಾಸನೆ ಬಂತು.

ಇವತ್ತು ಬೆಳಿಗ್ಗೆ ಮಳೆ ಬಿಟ್ಟಿತ್ತು. ಎರಡನೇ ಔಷಧ ಹೊಡೆಯದ ತೋಟ ಹಾಗೇ ಇದೆ. ಏಳು ಗಂಟೆಗೆ ಗೌಡನ ತಮ್ಮ ಕೊಟ್ಟೆಮಣೆ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ. ಇಪ್ಪತ್ತೆಂಟು ವರ್ಷ ಇರಬೇಕು. "ಅಣ್ಣ ಬರೂವರೆಗೆ ನಾ ಹತ್ತತೆ ಹೆಗಡೇರೇ" ಅಂದ. ಚಾ ಕೊಟ್ಟೆವು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಲೋಟ ಅಲುಗಲಿಲ್ಲ.

ಚಾ ಕುಡಿದು ಲೋಟ ತೊಳೆದಿಟ್ಟ. ಆದರೂ ತೋಟದ ಕಡೆ ಹೊರಡದೆ, ಜಗಲಿಯ ಕಂಬಕ್ಕೆ ಒರಗಿಕೊಂಡು ಇನ್ನೂ ಏನಕ್ಕೋ ಕಾಯುವವನ ಹಾಗೆ ನಿಂತಿದ್ದ.