ಹಾಗಾದ್ರೆ ತಪ್ಪು ಮಾಡಿದವನಿಗೇ ಲಾಭ ಅಲ್ವಾ?

ನಾನು ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಚರ್ಚಿಗೆ ಹೋಗುತ್ತೇನೆ. ಈ ಎರಡೂ ಗೊತ್ತಿರುವವರು ಟೀ ಅಂಗಡಿಯಲ್ಲಿ ಸಿಕ್ಕಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೊನ್ನೆ ನಮ್ಮ ಹಮಾಲರೊಬ್ಬರು ಕೇಳಿದರು: "ನಿಮ್ಮ ಏಸು ಎಂಥವರನ್ನೂ ಕ್ಷಮಿಸಿಬಿಡ್ತಾನಂತಲ್ಲಣ್ಣ. ಹಂಗಾದ್ರೆ ತಪ್ಪು ಮಾಡಿದೋನಿಗೆ ಲಾಭ, ನೆಟ್ಟಗಿದ್ದೋನಿಗೆ ನಷ್ಟ ಅಲ್ವಾ?"

ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಕೇಳಿದ್ದರಲ್ಲಿ ನಿಜ ಇದೆ. ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ದೇವರು ಇಡುವ ಲೆಕ್ಕ ನಮ್ಮ ಮಂಡಿ ಲೆಕ್ಕದ ಹಾಗಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಂದು ಕಥೆ ಹೇಳುತ್ತಾರೆ. ಒಬ್ಬ ಆಳು ರಾಜನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಚಿಕ್ಕವನಿದ್ದಾಗ ಅದೇನೋ ದೊಡ್ಡ ಮೊತ್ತ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಲೆಕ್ಕದ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಪೆನ್ನು ಹಿಡಿದು ಕೂತೆ. ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಸಾಲ ಆರು ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ತೀರಿಸೋಕೆ ಎರಡು ಲಕ್ಷ ವರ್ಷ ಬೇಕು. ಅವನು ಕಾಲಿಗೆ ಬಿದ್ದು, ಸ್ವಲ್ಪ ಟೈಮ್ ಕೊಡಿ, ಎಲ್ಲಾ ಕೊಡ್ತೀನಿ ಅನ್ನುತ್ತಾನೆ. ರಾಜ ಕನಿಕರಪಟ್ಟು ಪೂರ್ತಿ ಸಾಲ ಬಿಟ್ಟುಬಿಡುತ್ತಾನೆ.

ಹೊರಗೆ ಬಂದವನೇ ತನಗೆ 100 ದಿನಾರಿ ಕೊಡಬೇಕಾಗಿದ್ದ ಇನ್ನೊಬ್ಬ ಆಳಿನ ಕುತ್ತಿಗೆ ಹಿಡಿಯುತ್ತಾನೆ. ಇಲ್ಲಿ ಒಂದು ಮಾತು. ನೂರು ದಿನದ ಕೂಲಿ ಚಿಲ್ಲರೆ ದುಡ್ಡಲ್ಲ. ಕೂಲಿಗೆ ಹೋಗುವ ಯಾರನ್ನಾದರೂ ಕೇಳಿ ನೋಡಿ. ನಮಗೆ ಬೇರೆಯವರು ಮಾಡಿದ ಅನ್ಯಾಯ ಸಣ್ಣದು, ಸುಮ್ನೆ ಮರೆತುಬಿಡಿ ಅಂತ ಯೇಸು ಎಲ್ಲೂ ಹೇಳುವುದಿಲ್ಲ. ಆರು ಕೋಟಿಯ ಪಕ್ಕದಲ್ಲಿ ಇಟ್ಟು ನೋಡು ಅನ್ನುತ್ತಾರೆ, ಅಷ್ಟೇ.

ಯೇಸು ಹೇಳಿದ ದ್ರಾಕ್ಷಿ ತೋಟದ ಕಥೆಯೂ ಇದೆ. ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವವರಿಗೆ ಕೂಲಿ ಲೆಕ್ಕದ ಜಗಳ ಗೊತ್ತೇ ಇರುತ್ತದೆ. ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೂ ಒಂದು ದಿನಾರಿ, ಸಂಜೆ ಐದಕ್ಕೆ ಬಂದು ಒಂದು ಗಂಟೆ ಮಾಡಿದವರಿಗೂ ಒಂದು ದಿನಾರಿ. ಬೆಳಗ್ಗೆ ಬಂದವರು ಗೊಣಗುತ್ತಾರೆ. ನಾನೂ ಎಷ್ಟೋ ವರ್ಷ ಅವರ ಜೊತೆಗೇ ಗೊಣಗಿದ್ದೇನೆ. ಆದರೆ ಮಧ್ಯೆ ಒಂದು ವಾಕ್ಯ ಇದೆ. ಯಾಕೆ ಇಡೀ ದಿನ ಸುಮ್ಮನೆ ನಿಂತಿದ್ದೀರಿ ಅಂತ ಯಜಮಾನ ಕೇಳಿದಾಗ ಸಂಜೆ ಬಂದವರು, ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ನಮ್ಮೂರಿನ ಸರ್ಕಲ್‌ಗಳಲ್ಲಿ ಬೆಳಗ್ಗೆ ಬುತ್ತಿ ಚೀಲ ಹಿಡಿದು ನಿಲ್ಲುವವರನ್ನು ನೋಡಿದ್ದೇನೆ. ಹತ್ತು ಗಂಟೆಯ ಮೇಲೂ ಅಲ್ಲೇ ನಿಂತಿರುವವರು ಸೋಮಾರಿಗಳಲ್ಲ. ಮನೆಯಲ್ಲಿ ಬೇಕಾಗುವ ಅಕ್ಕಿ ಅವರಿಗೂ ಒಂದು ದಿನದ್ದೇ.

ಇಷ್ಟು ಹೇಳಿದರೆ ಹಮಾಲರು ಬಿಡುವುದಿಲ್ಲ. ಕೂಲಿ ಸಿಗದೇ ಇರೋದು ತಪ್ಪಲ್ಲ ಬಿಡಿ, ಬೇಕಂತಲೇ ಕೆಟ್ಟದ್ದು ಮಾಡಿದವನ ಕಥೆ ಏನು ಅನ್ನುತ್ತಾರೆ. ಆಗ ದಾವೀದನ ಹತ್ತಿರ ಹೋಗಲೇಬೇಕು.

ದಾವೀದ ಇಸ್ರಾಯೇಲಿನ ರಾಜ. ಅವನ ಸೈನಿಕ ಊರೀಯ. ಊರೀಯ ಯುದ್ಧದಲ್ಲಿದ್ದಾಗ ದಾವೀದ ಅವನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ. ಆಕೆ ಗರ್ಭಿಣಿಯಾದಳು. ಮುಚ್ಚಿಹಾಕಲು ಮಾಡಿದ ಉಪಾಯ ಯಾವುದೂ ನಡೆಯಲಿಲ್ಲ. ಕೊನೆಗೆ ಸೇನಾಪತಿ ಯೋವಾಬನಿಗೆ ಒಂದು ಪತ್ರ ಬರೆದ: ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ನೀವು ಹಿಂದೆ ಸರಿಯಿರಿ, ಅವನು ಸಾಯಲಿ. ಆ ಪತ್ರವನ್ನು ಕೊಟ್ಟು ಕಳಿಸಿದ್ದು ಊರೀಯನ ಕೈಯಲ್ಲೇ. ತನ್ನ ಸಾವಿನ ಚೀಟಿಯನ್ನು ತಾನೇ ಹೊತ್ತುಕೊಂಡು ಹೋದ ಪಾಪ.

ಆಮೇಲೆ ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳುತ್ತಾನೆ. ದಾವೀದನಿಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥವನು ಸಾಯಬೇಕು, ನಾಲ್ಕರಷ್ಟು ವಾಪಸ್ ಕೊಡಬೇಕು ಅನ್ನುತ್ತಾನೆ. ಆ ಮನುಷ್ಯ ನೀನೇ ಅನ್ನುತ್ತಾನೆ ನಾತಾನ. ದಾವೀದ ತಪ್ಪು ಒಪ್ಪಿಕೊಳ್ಳುತ್ತಾನೆ. ದೇವರು ಕ್ಷಮಿಸುತ್ತಾನೆ, ನೀನು ಸಾಯುವುದಿಲ್ಲ ಅನ್ನುವ ಮಾತು ಬರುತ್ತದೆ. ಆದರೆ ಹುಟ್ಟಿದ ಮಗು ಉಳಿಯಲಿಲ್ಲ. ಕತ್ತಿ ಆ ಮನೆ ಬಿಟ್ಟು ಹೋಗಲಿಲ್ಲ, ಮಗನೇ ತಂದೆಯ ಮೇಲೆ ದಂಡೆತ್ತಿ ಬಂದ. ಲಾಭ ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಲೆಕ್ಕ ಬರೆಯುವವನಾಗಿ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಇನ್ನೊಂದಿದೆ. ಸತ್ಯವೇದದ ಎರಡನೆಯ ಸಮುವೇಲ ಪುಸ್ತಕದ 23ನೇ ಅಧ್ಯಾಯದಲ್ಲಿ ದಾವೀದನ ಶೂರರ ಪಟ್ಟಿ ಇದೆ. ಹೆಸರು ಆದ ಮೇಲೆ ಹೆಸರು, ಬೇಗ ಬೇಗ ಓದಿ ಮುಗಿಸುವಂಥ ಅಧ್ಯಾಯ. ಕೊನೆಯ ಹೆಸರು ಹಿತ್ತಿಯ ಜನಾಂಗದ ಅದೇ ಊರೀಯ. ಅಲ್ಲಿಗೆ ಒಟ್ಟು ಮೂವತ್ತೇಳು ಮಂದಿ ಅಂತ ಪಟ್ಟಿ ಮುಗಿಯುತ್ತದೆ. ಎಷ್ಟೋ ತಲೆಮಾರು ಕಳೆದ ಮೇಲೆ ಮತ್ತಾಯ ಯೇಸುವಿನ ವಂಶಾವಳಿ ಬರೆಯುತ್ತಾನೆ. ದಾವೀದನಿಗೆ ಸೊಲೊಮೋನ ಹುಟ್ಟಿದ ಅನ್ನುವಲ್ಲಿ ತಾಯಿ ಬತ್ಷೆಬೆಯ ಹೆಸರು ಹಾಕುವುದಿಲ್ಲ. ಊರೀಯನ ಹೆಂಡತಿಯಾಗಿದ್ದವಳು ಅಂತ ಬರೆಯುತ್ತಾನೆ. ಕ್ಷಮೆ ಸಿಕ್ಕಿ ಅಷ್ಟು ಕಾಲವಾಗಿತ್ತು. ಆದರೂ ಸತ್ತವನ ಹೆಸರನ್ನು ಯಾರೂ ಅಳಿಸಲಿಲ್ಲ. ಈ ಮತ್ತಾಯ ಕೂಡ ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದವನೇ. ದೇವರ ಕನಿಕರ ಅಂದರೆ ಪುಸ್ತಕದ ಹಾಳೆ ಹರಿದುಹಾಕುವುದು ಅಂತ ನಾನು ತಿಳಿದಿದ್ದೆ. ಆ ಹಾಳೆ ಹಾಗೇ ಇರುತ್ತದೆ, ದೇವರು ಮಾತ್ರ ಆ ಮನುಷ್ಯನನ್ನು ಕೈಬಿಡುವುದಿಲ್ಲ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೂ ಯೇಸು ಅತಿಥಿಯಾಗಿ ಹೋದರು, ಅವನು ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ವಾಪಸ್ ಕೊಡಲು ಏನೂ ಉಳಿದಿರಲಿಲ್ಲ, ಟೈಮೂ ಇರಲಿಲ್ಲ. ನಮಗೆ ಆಗ್ತಿರೋದು ನ್ಯಾಯವೇ ಅಂತ ಒಪ್ಪಿಕೊಂಡು, ನನ್ನನ್ನು ನೆನೆಸಿಕೋ ಅಂದ. ಅವನಿಗೆ ಅಷ್ಟೇ ಸಾಕಾಯಿತು. ನನಗೆ ಟೈಮ್ ಇತ್ತು. ಅದನ್ನು ಹೇಳಬೇಕು.

ಹನ್ನೆರಡು ವರ್ಷದ ಹಿಂದಿನ ಮಾತು. ಮುಳಬಾಗಿಲು ಕಡೆಯ ರೈತರೊಬ್ಬರು 48 ಬಾಕ್ಸ್ ಟೊಮೆಟೊ ತಂದಿದ್ದರು. ಅವತ್ತು ಹರಾಜಿನಲ್ಲಿ ಬಾಕ್ಸಿಗೆ 300 ರೂಪಾಯಿ ಆಯಿತು. ನಾನು ರೈತರಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ 48ರ ಬದಲು 38 ಬರೆದೆ. ಆಗ ಅದು ಬರೀ ಕೈತಪ್ಪು. ಸಂಜೆ ಕ್ಯಾಶ್ ಎಣಿಸಿದಾಗ 3,000 ಜಾಸ್ತಿ ಬಂತು. ಯಾಕೆ ಅಂತ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಆ ತಿಂಗಳು ಮನೆಯಲ್ಲಿ ಕಷ್ಟ ಇತ್ತು. ದುಡ್ಡು ಜೇಬಿಗೆ ಹಾಕಿಕೊಂಡೆ.

ಮುಂದಿನ ವಾರ ಆ ರೈತ ಯಜಮಾನರು ಬಂದು, "ಹತ್ತು ಬಾಕ್ಸ್ ಕಮ್ಮಿ ಬಂದೈತಲ್ಲಪ್ಪ" ಅಂದರು. "ಗಾಡಿಗೆ ಹಾಕುವಾಗಲೇ ತಪ್ಪು ಎಣಿಸಿರ್ತೀರಿ" ಅಂದೆ. ಅವರು ಮಗನ ಕಡೆ ತಿರುಗಿ ಎಲ್ಲರ ಮುಂದೆ ಬೈದರು. ಬಾಕ್ಸ್ ಎಣಿಸಿ ತುಂಬಿದ್ದು ಅವನೇ. ಹದಿನಾರು ಹದಿನೇಳರ ಹುಡುಗ. ಟೆಂಪೋದ ಟೈರ್ ನೋಡುತ್ತಾ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

ಕೆಲವು ತಿಂಗಳ ಮೇಲೆ ಚರ್ಚಿನಲ್ಲಿ ನಮ್ಮ ಪಾದ್ರಿ ಅಯ್ಯನವರು ಊರೀಯನ ಬಗ್ಗೆ ಪ್ರಸಂಗ ಮಾಡಿದರು. ದಾವೀದನ ಕ್ಷಮೆಯ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ. ಪತ್ರ ಹೊತ್ತುಕೊಂಡು ಹೋದವನ ಜಾಗದಲ್ಲಿ ಆ ಹುಡುಗನೇ ಕಾಣುತ್ತಿದ್ದ.

ಸೋಮವಾರ ಮಂಡಿಯ ಮಾಲೀಕರಿಗೆ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ, ಆದರೆ ಒಂದು ವರ್ಷ ಕ್ಯಾಶ್ ಮುಟ್ಟಲು ಬಿಡಲಿಲ್ಲ. ನಾಲ್ಕರಷ್ಟು ಅಂದರೆ 12,000. ನನ್ನ ಕೈಯಲ್ಲಿ ಇದ್ದದ್ದು ಐದು ಸಾವಿರ. ಅದನ್ನೇ ತೆಗೆದುಕೊಂಡು ಬಸ್ ಹತ್ತಿ ಅವರ ಊರಿಗೆ ಹೋದೆ.

ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಚರ್ಚಿನವರಲ್ಲ, ಮನೆ ಮುಂದೆ ತುಳಸಿ ಕಟ್ಟೆ ಇತ್ತು. ಎಲ್ಲಾ ಹೇಳಿದೆ. ಅವರು ಬೆರಳಿಗೆ ಎಂಜಲು ಹಚ್ಚಿಕೊಂಡು ನೋಟು ಎಣಿಸಿದರು. ಮೂರು ಸಾವಿರ ಇಟ್ಟುಕೊಂಡು ಎರಡು ಸಾವಿರ ವಾಪಸ್ ಕೊಟ್ಟರು. "ನಂದು ಇಷ್ಟೇ" ಅಂದರು. ಆಮೇಲೆ, "ಇದು ನಂಗೆ ಹೇಳೋದಲ್ಲ, ಅವನಿಗೆ ಹೇಳು" ಅಂತ ಕೊಟ್ಟಿಗೆ ಕಡೆ ನೋಡಿ ಮಗನನ್ನು ಕರೆದರು.

ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಬಹಳ ಕಷ್ಟವಾಯಿತು. ಹುಡುಗ ಕೇಳಿಸಿಕೊಂಡ. ಕೈಗೆ ಅಂಟಿದ್ದ ಹುಲ್ಲು ಒದರಿ ಒಳಗೆ ಹೋದ. ಒಳಗಿನಿಂದ ಅಮ್ಮ ಕಾಫಿ ತಂದಿಟ್ಟರು. ಲೋಟ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. "ಕುಡಿಯಪ್ಪ, ಆರೋಗ್ತದೆ" ಅಂದರು ಯಜಮಾನರು. ಕುಡಿದೆ.

ಮುಂದಿನ ವಾರವೂ ಅವರ ಬಾಕ್ಸ್ ನಮ್ಮ ಮಂಡಿಗೇ ಬಂದವು. ಈಗ ವ್ಯವಸಾಯ ಮಗನದೇ. ಮಾಲು ಇಳಿಸುವಾಗ ನನ್ನ ಮುಂದೆ ನಿಂತು ಒಂದೊಂದೇ ಬಾಕ್ಸನ್ನು ಜೋರಾಗಿ ಎಣಿಸುತ್ತಾನೆ. ಪಟ್ಟಿ ಕೊಟ್ಟರೆ ಎರಡು ಸಲ ನೋಡಿಯೇ ಮಡಚಿ ಜೇಬಿಗೆ ಹಾಕುತ್ತಾನೆ. ಅವನು ನೋಡಿ ಮುಗಿಸುವ ತನಕ ನಾನು ಎದ್ದು ನಿಂತಿರುತ್ತೇನೆ. ಆಮೇಲೆ ಇಬ್ಬರೂ ಟೀಗೆ ಹೋಗುತ್ತೇವೆ.