ಟಿಪಿಎನ್ ಬ್ಯಾಗ್ ಬಂತು, ಥಯಾಮಿನ್ ಎಲ್ಲಿ?

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎಎನ್‌ಸಿ (ಬಸುರಿಯರ) ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಆ ರಾತ್ರಿ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಹಾವೇರಿ ಕಡೆಯ ನಾಲ್ಕು ತಿಂಗಳ ಬಸುರಿ. ನೀರು ಕುಡಿದರೂ ವಾಂತಿ. ಊರಲ್ಲಿ ವಾರಗಟ್ಟಲೆ ಬರೀ ಗ್ಲೂಕೋಸ್ ಬಾಟಲಿ ಹಚ್ಚಿದ್ದರು. "ದಿನಾ ಬಾಟ್ಲಿ ಏರ್ಸಿದ್ರೂ ಯಾಕ್ರೀ ಸೊರಗ್ಯಾಳ?" ಎಂದು ಅತ್ತೆ ಕೇಳಿದರು. ಆ ಬಾಟಲಿ ಅಂದರೆ ಡಿ5, 5% ಗ್ಲೂಕೋಸ್ ನೀರು. 500 ಎಂಎಲ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ, 100 ಕ್ಯಾಲೊರಿಯೂ ಆಗಲ್ಲ. ಅದರಲ್ಲಿ ವಿಟಮಿನ್ ಒಂದೂ ಇಲ್ಲ.

ಎನ್‌ಜೆ ಟ್ಯೂಬ್ (ಮೂಗಿನಿಂದ ಸಣ್ಣ ಕರುಳಿಗೆ ಇಳಿಸುವ ಆಹಾರದ ನಳಿಕೆ) ಹಾಕಿದರು, ಓಕರಿಕೆಗೆ ಹೊರಬಂತು. ಕೊನೆಗೆ ಪಿಕ್ ಲೈನ್ (ತೋಳಿನಿಂದ ದೊಡ್ಡ ರಕ್ತನಾಳದವರೆಗೆ ಹೋಗುವ ತೆಳು ನಳಿಕೆ), ಅದರಲ್ಲಿ ಟಿಪಿಎನ್, ಅಂದರೆ ಪೂರ್ತಿ ಆಹಾರವನ್ನು ನೇರ ರಕ್ತಕ್ಕೇ ಕೊಡುವುದು. ಹ್ಯಾಂಡೋವರ್ ಆದ ಮೇಲೆ ಬ್ಯಾಗ್ ಬಂತು. ಚಾರ್ಟ್ ತಿರುವಿದೆ. ಥಯಾಮಿನ್ (ವಿಟಮಿನ್ ಬಿ1) ಆರ್ಡರೇ ಇಲ್ಲ.

"ಎಲ್ಲಾ ಎರಡೆರಡು ಕಾಣ್ತಾವ್ರಿ ಸಿಸ್ಟರ್" ಎಂದಳು. ಪೆನ್ನು ಎತ್ತಿ ಹಿಡಿದು ಪಕ್ಕಕ್ಕೆ ಸರಿಸಿದೆ. ಅದರ ಹಿಂದೆ ಹೋದ ಕಣ್ಣುಗುಡ್ಡೆ ತುದಿಯಲ್ಲಿ ನಿಲ್ಲದೆ ಪಟಪಟ ಅದುರಿತು. ಪಂಪ್ ಸ್ಟ್ಯಾಂಡ್‌ಬೈಗೆ ಹಾಕಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಬಿ1 ಖಾಲಿಯಾದ ಮೈಗೆ ಮೊದಲು ಸಕ್ಕರೆ ಸುರಿದರೆ ವರ್ನಿಕೆ (ಬಿ1 ಕೊರತೆಯಿಂದ ಬರುವ ಮಿದುಳಿನ ಕಾಯಿಲೆ) ಕೆರಳುತ್ತದೆ. ತಾಯಿಯ ಮಿದುಳಿಗೆ ಪೆಟ್ಟು, ಗರ್ಭ ಉಳಿಯುವುದೂ ಕಷ್ಟ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು, "ಬ್ಯಾಗ್ ಯಾಕೆ ಶುರು ಮಾಡಿಲ್ಲ?" ಎಂದು ಕೇಳಿದರು. ವಾರ್ಡ್ ಸ್ಟಾಕಿನಲ್ಲಿ ಥಯಾಮಿನ್ ಇಲ್ಲ. ಸ್ಟೋರಿಗೆ ಇಂಡೆಂಟ್ (ಬೇಡಿಕೆ) ಹಾಕಿದರೆ ಅಪ್ರೂವಲ್ ಪೆಂಡಿಂಗ್! ಡಾಕ್ಟರ್ ಬಂದು ಕಣ್ಣು ನೋಡಿದವರೇ ಚೀಟಿ ಬರೆದರು. ಆಕೆಯ ಗಂಡ ಹೊರಗಿನ ಮೆಡಿಕಲ್‌ಗೆ ಓಡಿದ. ಅವನು ಬರುವವರೆಗೆ ನಾನು ಬೆಡ್ ಬಿಟ್ಟು ಕದಲಲಿಲ್ಲ.

ಥಯಾಮಿನ್ ಹೋಯಿತು. ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಷಿಯಂ ರಿಪೋರ್ಟ್ ನೋಡಿ, ಸರಿಪಡಿಸಿ, ಆಮೇಲೆ ಬ್ಯಾಗ್ ನಿಧಾನಕ್ಕೆ ಶುರುವಾಯಿತು. ಕೆಲವೇ ದಿನಗಳಲ್ಲಿ ಕಣ್ಣು ಸರಿಯಾಯಿತು. ಡಾಪ್ಲರ್‌ನಲ್ಲಿ ಮಗುವಿನ ಎದೆಬಡಿತವೂ ಚೆನ್ನಾಗಿತ್ತು.

ಟಿಪಿಎನ್ ಅಂದರೆ ಮಗುವಿಗೆ ವಿಷ ಅಂತ ಹೆದರುವವರಿದ್ದಾರೆ. ಹಾಗೇನಿಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ನನಗೆ ಜಾಸ್ತಿ ಭಯ ಲೈನಿನದು. ಅಲ್ಲಿ ಸೋಂಕಾಗಿ ರಕ್ತಕ್ಕೆ ಹರಡಿದರೆ ಗರ್ಭ ಹೋಗಬಹುದು, ಹೆರಿಗೆ ಬೇಗ ಆಗಬಹುದು. ಹೆಪ್ಪುಗಟ್ಟುವ ಅಪಾಯವೂ ಇದೆ. ಶುಗರ್ ಏರಿದರೆ ಅದು ಮಗುವಿಗೂ ಹೋಗುತ್ತದೆ, ಹಾಗಾಗಿ ಜಿಆರ್‌ಬಿಎಸ್ (ಬೆರಳ ಹನಿ ರಕ್ತದ ಶುಗರ್ ಪರೀಕ್ಷೆ) ತಪ್ಪಿಸುವಂತಿಲ್ಲ. ವಿಟಮಿನ್ ಕೆ ಅಂತೂ ಎಲ್ಲರೂ ಮರೆಯುತ್ತಾರೆ. ತಾಯಿಗೆ ಅದು ತೀರಾ ಕಡಿಮೆಯಾಗಿ ಹೊಟ್ಟೆಯಲ್ಲಿರುವ ಮಗುವಿನ ತಲೆಯೊಳಗೆ ರಕ್ತಸ್ರಾವ ಆದದ್ದಿದೆ. ಎಂವಿಐ (ಮಲ್ಟಿವಿಟಮಿನ್ ಇಂಜೆಕ್ಷನ್) ಕೆಲವದರಲ್ಲಿ ಕೆ ಇರುತ್ತದೆ, ಕೆಲವದರಲ್ಲಿ ಇರಲ್ಲ, ಲೇಬಲ್ ಓದಲೇಬೇಕು.

ನಮ್ಮ ಟಿಪಿಎನ್ ಚಾರ್ಟಿನಲ್ಲಿ ಬ್ಯಾಗ್ ಹರಿಸುವ ವೇಗಕ್ಕೆ ಕಾಲಂ ಇದೆ, ಬಿಲ್ಲಿಂಗ್ ಕೋಡಿಗೂ ಇದೆ. ಥಯಾಮಿನ್, ವಿಟಮಿನ್ ಕೆಗೆ ಇವತ್ತಿಗೂ ಇಲ್ಲ. ಕೇಳಿದರೆ "ಫಾರ್ಮ್ಯಾಟ್ ಬದಲಾಯಿಸೋಕೆ ಕಮಿಟಿ ಕೂಡಬೇಕು" ಅಂತಾರೆ. ಅಲ್ಲಿಯವರೆಗೆ ನನ್ನ ಶಿಫ್ಟಿನ ಪ್ರತಿ ಚಾರ್ಟಿನ ಮೇಲೂ ಎರಡನ್ನೂ ಕೆಂಪು ಪೆನ್ನಿನಲ್ಲಿ ಬರೆದೇ ಬ್ಯಾಗ್ ಮುಟ್ಟುತ್ತೇನೆ.